ನಾಲ್ಕು ಗಂಟೆ ನಿಮ್ಮ ಕಣ್ಣು ಕೊಡ್ತೀರಾ?

ಮಗುವಿನ ಮೊದಲ ಹುಟ್ಟುಹಬ್ಬ, ಮಾವನವರ ಷಷ್ಟ್ಯಬ್ದಿ, ಮದುವೆಯ ಬೆಳ್ಳಿಹಬ್ಬ... ಇಂಥ ದಿನಗಳು ಬಂತೆಂದರೆ ನಮ್ಮಲ್ಲಿ ಎಷ್ಟೋ ಜನರಿಗೆ ತಕ್ಷಣ ನೆನಪಾಗುವುದು ಅಂಧ ಮಕ್ಕಳ ಶಾಲೆ. ಫೋನ್ ಮಾಡಿ 'ಒಂದು ಹೊತ್ತಿನ ಊಟಕ್ಕೆ ಎಷ್ಟಾಗುತ್ತೆ?' ಅಂತ ಕೇಳ್ತೀವಿ. ದುಡ್ಡು ಕಟ್ಟಿ, ಒಂದು ಸಿಹಿಯನ್ನೂ ಸೇರಿಸಿ, ಮನೆಮಂದಿಯೆಲ್ಲ ಹೋಗಿ ನಮ್ಮ ಕೈಯಾರೆ ಬಡಿಸ್ತೀವಿ. ಮಕ್ಕಳು ಒಂದು ಹಾಡು ಹೇಳ್ತಾರೆ. ನಮ್ಮ ಕಣ್ಣು ಒದ್ದೆಯಾಗುತ್ತೆ. 'ಅಯ್ಯೋ, ಪಾಪ' ಅಂದುಕೊಂಡು, ಒಂದು ಫೋಟೊ ತೆಗೆಸಿಕೊಂಡು ಮನೆಗೆ ಬರ್ತೀವಿ. ಮುಂದಿನ ಹುಟ್ಟುಹಬ್ಬದವರೆಗೆ ಆ ಕಡೆ ತಲೆ ಹಾಕುವುದಿಲ್ಲ.

ಇದರಲ್ಲಿ ತಪ್ಪೇನಿದೆ ಅಂತ ನೀವು ಕೇಳಬಹುದು. ತಪ್ಪೇನೂ ಇಲ್ಲ. ಹಸಿದವರಿಗೆ ಅನ್ನ ಹಾಕುವುದನ್ನು ಬೇಡ ಎನ್ನುವ ಪಾಪ ಯಾರಿಗೆ ಬೇಕು? ಆದರೆ ಒಂದು ಮಾತು ಯೋಚಿಸಿ ನೋಡಿ. ಆ ಮಕ್ಕಳಿಗೆ ನಿಜವಾಗಿ ಕೊರತೆಯಿರುವುದು ಹೋಳಿಗೆಯದ್ದಾ? ನಾವು ಏನು ಕೊಟ್ಟರೆ ಅವರು ಇನ್ನೊಬ್ಬರ ಮುಂದೆ ಕೈ ಚಾಚದೆ ಬದುಕಬಲ್ಲರು ಅಂತ ಎಂದಾದರೂ ಕೇಳಿದ್ದೀವಾ?

ಈ ಪ್ರಶ್ನೆಗೆ ನಮ್ಮ ನಾಡು ಬಹಳ ಹಿಂದೆಯೇ ಉತ್ತರ ಕೊಟ್ಟಿದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಕೇಳದವರು ಯಾರು? ಸ್ವತಃ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಬಡ ಮಕ್ಕಳಿಗೆ ಅನ್ನ ಕೊಟ್ಟರು, ಅನ್ನದ ಜತೆಗೇ ಸಂಗೀತ ಕೊಟ್ಟರು. ಅವರ ನಂತರ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳೂ ದೃಷ್ಟಿ ಕಳೆದುಕೊಂಡವರೇ. ಹಾಡುವುದಷ್ಟೇ ಅಲ್ಲ, ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳನ್ನೂ ರಚಿಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು. ಆ ಆಶ್ರಮದಲ್ಲಿ ಕಲಿತವರು ನಾಡಿನ ಮೂಲೆ ಮೂಲೆಯಲ್ಲಿ ಹಾಡುತ್ತಾ, ಪಾಠ ಹೇಳುತ್ತಾ ತಮ್ಮ ಅನ್ನ ತಾವೇ ದುಡಿದುಕೊಂಡರು. ಒಂದು ಹೊತ್ತಿನ ಊಟ ಆ ಹೊತ್ತಿಗೆ ಮುಗಿಯುತ್ತೆ, ಕಲಿಸಿದ ವಿದ್ಯೆ ಜೀವನಪೂರ್ತಿ ಊಟ ಹಾಕುತ್ತೆ. ದಾನ ಅಂದರೆ ಇದು ಅಲ್ವಾ?

ಸತ್ತ ಮೇಲೆ ಕೊಡುವ ಕಣ್ಣು

'ನಾನು ನೇತ್ರದಾನಕ್ಕೆ ಹೆಸರು ಬರೆಸಿದ್ದೀನಿ' ಎಂದು ಹೆಮ್ಮೆಯಿಂದ ಹೇಳುವವರು ಈಗ ಹೆಚ್ಚಾಗಿದ್ದಾರೆ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಿದ್ದು ಕೋಟ್ಯಂತರ ಕನ್ನಡಿಗರ ಮನಸ್ಸು ತಟ್ಟಿತು. ಪುನೀತ್ ನಿಧನದ ನಂತರವಂತೂ ಜನ ನೇತ್ರದಾನಕ್ಕೆ ಮುಗಿಬಿದ್ದು ಹೆಸರು ಬರೆಸಿದರು. ಬಹಳ ಒಳ್ಳೆಯ ಕೆಲಸ. ನೀವು ಇನ್ನೂ ಬರೆಸಿಲ್ಲವಾದರೆ ಬರೆಸಿ, ಮನೆಯವರಿಗೂ ಹೇಳಿಡಿ. ಸಾವಿನ ನಂತರ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕಾಗುತ್ತೆ, ಆ ಹೊತ್ತಿನಲ್ಲಿ ನೇತ್ರ ಬ್ಯಾಂಕಿಗೆ ಫೋನ್ ಮಾಡಬೇಕಾದವರು ಮನೆಯವರೇ.

ಆದರೆ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ದಾನ ಮಾಡಿದ ಕಣ್ಣಿನಲ್ಲಿ ಇನ್ನೊಬ್ಬರಿಗೆ ಜೋಡಿಸುವುದು ಮುಂಭಾಗದ ಪಾರದರ್ಶಕ ಪೊರೆ, ಅಂದರೆ ಕಾರ್ನಿಯಾವನ್ನು ಮಾತ್ರ. ಕಾರ್ನಿಯಾ ಹಾಳಾಗಿ ದೃಷ್ಟಿ ಹೋದವರಿಗಷ್ಟೇ ಅದರಿಂದ ಉಪಯೋಗ. ಕಣ್ಣಿನ ನರ ಸೊರಗಿದವರಿಗೆ, ಅಕ್ಷಿಪಟಲ ಹಾಳಾದವರಿಗೆ, ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡವರಿಗೆ ಯಾರ ಕಣ್ಣನ್ನೂ ಜೋಡಿಸಲಾಗದು. ಅಂಧ ಮಕ್ಕಳ ಶಾಲೆಯಲ್ಲಿ ನೀವು ಬಡಿಸಿ ಬಂದ ಮಕ್ಕಳಲ್ಲಿ ಇಂಥವರೂ ಇದ್ದಾರೆ. ನಮ್ಮ ಸಾವಿನಿಂದ ಅವರಿಗೆ ಏನೂ ಸಿಗುವುದಿಲ್ಲ. ಬದುಕಿರುವಾಗ ನಮ್ಮ ಕಣ್ಣನ್ನು ಸ್ವಲ್ಪ ಹೊತ್ತು ಎರವಲು ಕೊಟ್ಟರೆ ಮಾತ್ರ ಸಿಗುತ್ತೆ.

ಎರವಲು ಕೊಡುವುದು ಹೇಗೆ? ಅವರ ಪರೀಕ್ಷೆ ಬರೆದುಕೊಡಿ. ಅವರಿಗೆ ಪುಸ್ತಕ ಓದಿ ಹೇಳಿ. ಅಷ್ಟೇ.

ಪಿಯುಸಿಗೇ ಓದು ಬಿಟ್ಟವರೇ ಬೇಕು!

ಬಿ.ಎ. ಓದುತ್ತಿರುವ ಅಂಧ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ. ವರ್ಷವಿಡೀ ಕೇಳಿ ಕೇಳಿ ಕಲಿತಿದ್ದಾಳೆ. ಬ್ರೈಲ್ ಸರಾಗವಾಗಿ ಬರುತ್ತೆ. ಆದರೆ ಉತ್ತರವನ್ನು ಬ್ರೈಲ್‌ನಲ್ಲಿ ಬರೆದರೆ ಅದನ್ನು ಓದಬಲ್ಲ ಮೌಲ್ಯಮಾಪಕರು ಬೇಕಲ್ಲ? ಹಾಗಾಗಿ ಅವಳು ಬಾಯಲ್ಲಿ ಹೇಳಬೇಕು, ಪಕ್ಕದಲ್ಲಿ ಕೂತವರು ಬರೆಯಬೇಕು. ಹಾಗೆ ಬರೆಯುವವರನ್ನು ಸ್ಕ್ರೈಬ್ ಅಂತಾರೆ. ಸ್ಕ್ರೈಬ್ ಸಿಗದಿದ್ದರೆ? ಎಲ್ಲ ಓದಿಯೂ ಅವಳು ಪರೀಕ್ಷೆ ಬರೆಯುವ ಹಾಗಿಲ್ಲ. ಒಂದು ವಿಷಯ ಉಳಿದುಹೋಗುತ್ತೆ. ಎಷ್ಟೋ ಸಲ ಒಂದು ವರ್ಷವೇ ಹೋಗುತ್ತೆ. ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ವರ್ಷ ಹೋಯಿತೆಂದರೆ ಮುಂದೇನಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. 'ಸಾಕು ಓದಿದ್ದು, ಮನೆಯಲ್ಲಿರು' ಅನ್ನುತ್ತಾರೆ.

ಇನ್ನೊಂದು ಸ್ವಾರಸ್ಯ ಇದೆ ಕೇಳಿ. ಸ್ಕ್ರೈಬ್ ಆಗಲು ಬಹಳ ಓದಿದವರು ಆಗುವುದಿಲ್ಲ! ಪರೀಕ್ಷೆ ಬರೆಯುವವರಿಗೆ ಬರೆದುಕೊಡುವವರೇ ಉತ್ತರ ಹೇಳಿಕೊಡಬಾರದಲ್ಲ? ಅದಕ್ಕಾಗಿ ಅಭ್ಯರ್ಥಿಯೇ ಕರೆತರುವ ಸ್ಕ್ರೈಬ್ ಅಭ್ಯರ್ಥಿಗಿಂತ ಒಂದು ಹಂತ ಕಡಿಮೆ ಓದಿದವರಾಗಿರಬೇಕು ಎಂದು ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳಿತು. ನಿಯಮಗಳು ಆಗಾಗ ಬದಲಾಗುತ್ತವೆ, ಪರೀಕ್ಷೆಯಿಂದ ಪರೀಕ್ಷೆಗೆ ವ್ಯತ್ಯಾಸವೂ ಇರುತ್ತೆ. ಆದರೆ 'ಕಡಿಮೆ ಓದಿದವರು' ಎಂಬ ತತ್ವ ಮಾತ್ರ ಹೆಚ್ಚೂ ಕಡಿಮೆ ಎಲ್ಲ ಕಡೆ ಒಂದೇ. ಅಂದರೆ ಪದವಿ ಪರೀಕ್ಷೆಗೆ ಪಿಯುಸಿ ಓದಿದವರು ಬೇಕು. ಡಾಕ್ಟರೇಟ್ ಪಡೆದವರು ಬಂದು ನಿಂತರೆ 'ನೀವು ಬೇಡ ಮೇಡಂ' ಅಂತಾರೆ.

'ಪಿಯುಸಿ ಮುಗಿದ ಕೂಡಲೇ ಮದುವೆ ಮಾಡಿಬಿಟ್ಟರು, ನನ್ನ ಓದು ಯಾವುದಕ್ಕೂ ಬರಲಿಲ್ಲ' ಅಂತ ಕೊರಗುವ ಅದೆಷ್ಟು ಗೃಹಿಣಿಯರು ನಮ್ಮ ನಡುವೆ ಇಲ್ಲ? ನಿಮ್ಮ ಆ ಪಿಯುಸಿ ಅಂಕಪಟ್ಟಿಯನ್ನು ಬೀರುವಿನಿಂದ ಹೊರತೆಗೆಯಿರಿ. ನಿಮಗೆ ಸಿಗದ ಪದವಿ ಇನ್ನೊಬ್ಬಳಿಗೆ ಸಿಗಲು ಅದೇ ದಾಖಲೆ ಬೇಕು.

ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಸಾಮಾನ್ಯವಾಗಿ ಅದಕ್ಕಿಂತ ಕೆಳಗಿನ ತರಗತಿಯ ವಿದ್ಯಾರ್ಥಿಗಳು ಬರೆದುಕೊಡಬೇಕಾಗುತ್ತೆ. ನಿಮ್ಮ ಮಗಳು ಎಂಟನೆಯದೋ ಒಂಬತ್ತನೆಯದೋ ಓದುತ್ತಿದ್ದರೆ ಅವಳ ಶಾಲೆಯಲ್ಲಿ ವಿಚಾರಿಸಿ. 'ಅವಳದೇ ಪರೀಕ್ಷೆ ಇರುತ್ತಲ್ಲ' ಎಂದು ತಾಯಂದಿರು ಹಿಂಜರಿಯುವುದು ಸಹಜ. ವೇಳಾಪಟ್ಟಿ ನೋಡಿ, ದಿನ ಹೊಂದಿದರೆ ಕಳಿಸಿ. ಆ ಒಂದು ದಿನದಲ್ಲಿ ಅವಳು ಕಲಿಯುವುದನ್ನು ಯಾವ ವ್ಯಕ್ತಿತ್ವ ವಿಕಸನ ಶಿಬಿರವೂ ಕಲಿಸುವುದಿಲ್ಲ.

ಬರೆಯಲು ಕೂತಾಗ

ಕೆಲಸ ಸುಲಭ ಅನ್ನಿಸುತ್ತೆ, ಆದರೆ ಜವಾಬ್ದಾರಿ ದೊಡ್ಡದು. ಒಪ್ಪಿಕೊಳ್ಳುವ ಮುಂಚೆ ಇಷ್ಟು ತಿಳಿದಿರಲಿ.

* ಅಂಧ ಅಭ್ಯರ್ಥಿಗಳಿಗೆ ಪ್ರತಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಇದೆ. ಮೂರು ಗಂಟೆಯ ಪರೀಕ್ಷೆ ಅವರಿಗೆ ನಾಲ್ಕು ಗಂಟೆ. 'ಹನ್ನೆರಡೂವರೆಗೆ ಮಗು ಸ್ಕೂಲಿಂದ ಬರುತ್ತೆ' ಅಂತ ಮಧ್ಯದಲ್ಲಿ ಎದ್ದು ಬರುವ ಹಾಗಿಲ್ಲ.

* ಸಾಧ್ಯವಾದರೆ ಪರೀಕ್ಷೆಗೆ ಮುಂಚೆ ಒಮ್ಮೆ ಭೇಟಿಯಾಗಿ. ಅವಳ ಮಾತಿನ ವೇಗ ನಿಮಗೆ, ನಿಮ್ಮ ಬರವಣಿಗೆಯ ವೇಗ ಅವಳಿಗೆ ಗೊತ್ತಾಗಲಿ. ಒಂದು ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಅರ್ಧ ಗಂಟೆ ಅಭ್ಯಾಸ ಮಾಡಿದರೆ ಇನ್ನೂ ಒಳ್ಳೆಯದು.

* ಮೊದಲು ಇಡೀ ಪ್ರಶ್ನೆಪತ್ರಿಕೆಯನ್ನು ನಿಧಾನವಾಗಿ ಓದಿ ಹೇಳಿ. ಎಷ್ಟು ಅಂಕ, ಯಾವುದಕ್ಕೆ ಆಯ್ಕೆ ಇದೆ ಎಂಬುದನ್ನೂ ಬಿಡಬೇಡಿ. ಯಾವ ಪ್ರಶ್ನೆಯಿಂದ ಶುರು ಮಾಡಬೇಕು ಅನ್ನುವುದು ಅವಳ ನಿರ್ಧಾರ.

* ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ. ತಪ್ಪು ಅನ್ನಿಸಿದರೂ ತಿದ್ದಬೇಡಿ, ಸುಳಿವು ಕೊಡಬೇಡಿ, ಉದ್ದವಾಯಿತು ಅಂತ ಮೊಟಕು ಮಾಡಬೇಡಿ. ಊರಿನ ಹೆಸರು, ವ್ಯಕ್ತಿಯ ಹೆಸರು ಬಂದಾಗ ಕಾಗುಣಿತ ಕೇಳಿ.

* ಅರ್ಧ ಗಂಟೆಗೊಮ್ಮೆ ಸಮಯ ಹೇಳಿ. ಕೊನೆಯಲ್ಲಿ ಬರೆದದ್ದನ್ನು ಓದಿ ಹೇಳಿ.

* ಕೈ ನೋವು ಬಂತು ಅಂತ ನಿಟ್ಟುಸಿರು ಬಿಡಬೇಡಿ. ಅವಳಿಗೆ ನಿಮ್ಮ ಮುಖ ಕಾಣಿಸದಿರಬಹುದು, ನಿಟ್ಟುಸಿರು ಚೆನ್ನಾಗಿ ಕೇಳಿಸುತ್ತೆ. ನಿಮಗೆ ತೊಂದರೆಯಾಯಿತಲ್ಲ ಅಂತ ಗೊತ್ತಿರುವ ಉತ್ತರವನ್ನೂ ಅವಳು ನಾಲ್ಕೇ ಸಾಲಿಗೆ ಮುಗಿಸಿಬಿಡುತ್ತಾಳೆ.

ಎಲ್ಲಕ್ಕಿಂತ ಮುಖ್ಯ, ಒಪ್ಪಿಕೊಂಡ ಮೇಲೆ ತಪ್ಪಿಸಬೇಡಿ. ಹಿಂದಿನ ರಾತ್ರಿ ಫೋನ್ ಮಾಡಿ 'ಸಾರಿ ಕಣಮ್ಮಾ, ಮನೆಗೆ ನೆಂಟರು ಬಂದ್ರು' ಅಂದರೆ ನಿಮ್ಮ ಪಾಲಿಗೆ ಅದು ಒಂದು ಫೋನ್ ಕರೆ. ಅವಳ ಪಾಲಿಗೆ? ಬೆಳಗ್ಗೆಯೊಳಗೆ ಹೊಸಬರನ್ನು ಹುಡುಕಿ, ಅವರ ದಾಖಲೆ ತೋರಿಸಿ, ಅನುಮತಿ ಪಡೆಯುವುದು ಸುಲಭದ ಮಾತಲ್ಲ. ಬರಲಾಗದು ಅನ್ನುವ ಅನುಮಾನವಿದ್ದರೆ ಮೊದಲೇ 'ಆಗಲ್ಲ' ಅಂದುಬಿಡಿ. ಅದೂ ಒಂದು ಉಪಕಾರವೇ.

ಅಡುಗೆಮನೆ ಪಕ್ಕದ ಸ್ಟುಡಿಯೊ

ಮನೆಯಿಂದ ಹೊರಗೆ ಹೋಗಲು ಆಗುವುದೇ ಇಲ್ಲ ಅನ್ನುವವರಿಗೆ ಇನ್ನೊಂದು ದಾರಿ ಇದೆ, ಓದಿ ಧ್ವನಿಮುದ್ರಣ ಮಾಡುವುದು. ಬೆಂಗಳೂರಿನಲ್ಲಿ 1990ರಲ್ಲಿ ಸ್ವತಃ ದೃಷ್ಟಿಯಿಲ್ಲದ ಮಧು ಸಿಂಘಲ್ ಕಟ್ಟಿದ ಮಿತ್ರ ಜ್ಯೋತಿಯಂಥ ಸಂಸ್ಥೆಗಳು ಮಾತಾಡುವ ಪುಸ್ತಕಗಳ ಗ್ರಂಥಾಲಯವನ್ನೇ ನಡೆಸುತ್ತಿವೆ. ಅಲ್ಲಿ ಕೇಳಿಸುವ ದನಿಗಳಲ್ಲಿ ನಮ್ಮ ನಿಮ್ಮಂಥ ಸ್ವಯಂಸೇವಕರದೂ ಇವೆ.

'ಈಗ ಮೊಬೈಲೇ ಎಲ್ಲ ಓದುತ್ತಲ್ಲ, ನಾವ್ಯಾಕೆ?' ಅಂತ ಕೇಳುವಿರಿ. ಒಳ್ಳೆಯ ಪ್ರಶ್ನೆ. ಹೌದು, ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶಗಳು ಬಂದಿವೆ. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಇದೆ, ಕಂಪ್ಯೂಟರಿಗೆ ಎನ್‌ವಿಡಿಎ ಎಂಬುದು ಉಚಿತವಾಗಿ ಸಿಗುತ್ತೆ, ಎರಡೂ ಕನ್ನಡ ಓದುತ್ತವೆ. ಆದರೆ ಅವು ಸರಿಯಾಗಿ ಓದುವುದು ಯುನಿಕೋಡ್‌ನಲ್ಲಿ ಟೈಪ್ ಮಾಡಿದ ಕನ್ನಡವನ್ನು. ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಟೈಪ್ ಮಾಡಿದ್ದನ್ನು ಕೊಟ್ಟರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನು ಬಡಬಡಿಸುತ್ತವೆ. ಗೆಳತಿಯ ಕೈಬರಹದ ನೋಟ್ಸನ್ನು, ಮಸುಕಾಗಿ ಜೆರಾಕ್ಸ್ ಮಾಡಿಸಿದ ಹಾಳೆಯನ್ನು ನಂಬಿಕೆಯಿಂದ ಓದಲು ಈಗಲೂ ಮನುಷ್ಯರ ಕಣ್ಣೇ ಬೇಕು. ಕಾಲೇಜು ಹುಡುಗಿಯರು ಓದುವುದು ಮಾತ್ರ ಇಂಥ ನೋಟ್ಸನ್ನೇ ಹೆಚ್ಚು!

ಹಾಗಾಗಿ ನೀವು ಎರಡು ಕೆಲಸ ಮಾಡಬಹುದು. ಟೈಪಿಂಗ್ ಬಂದರೆ ಪಠ್ಯವನ್ನು ಯುನಿಕೋಡ್‌ನಲ್ಲಿ ಟೈಪ್ ಮಾಡಿಕೊಡಿ. ಇಲ್ಲವಾದರೆ ಫೋನಿನಲ್ಲೇ ಓದಿ ಮುದ್ರಿಸಿ ಕಳಿಸಿ. ಕೃತಿಸ್ವಾಮ್ಯದ ಭಯ ಬೇಡ. 2012ರಲ್ಲಿ ಕಾಯ್ದೆಗೆ ತಂದ ತಿದ್ದುಪಡಿಯ ಪ್ರಕಾರ, ಲಾಭದ ಉದ್ದೇಶವಿಲ್ಲದೆ, ಅಂಗವಿಕಲರ ಬಳಕೆಗಾಗಿಯೇ ಪುಸ್ತಕವನ್ನು ಅವರು ಓದಬಲ್ಲ ರೂಪಕ್ಕೆ ತರಲು ಅವಕಾಶವಿದೆ. ಅವರ ಹೊರತು ಬೇರೆ ಯಾರಿಗೂ ಅದನ್ನು ಹಂಚಬಾರದು ಅಷ್ಟೇ.

ಓದುವಾಗ ಫ್ಯಾನ್ ಆರಿಸಿ, ಕುಕ್ಕರ್ ಕೂಗಿ ಮುಗಿದ ಮೇಲೆ ಕೂರಿ. ಪುಟದ ಸಂಖ್ಯೆ ಹೇಳಿ. ಚಿತ್ರ, ನಕ್ಷೆ, ಕೋಷ್ಟಕ ಬಂದರೆ ಹಾರಿಸಬೇಡಿ, ಅದರಲ್ಲಿ ಏನಿದೆ ಎಂದು ವಿವರಿಸಿ. ನಾಟಕದ ಹಾಗೆ ಏರಿಳಿತ ಬೇಡ, ಸ್ಪಷ್ಟವಾಗಿದ್ದರೆ ಸಾಕು. ಮಧ್ಯಾಹ್ನದ ಒಂದು ಧಾರಾವಾಹಿಯ ಅರ್ಧ ಗಂಟೆಯನ್ನು ದಿನವೂ ಕೊಟ್ಟರೆ ತಿಂಗಳೊಳಗೆ ಒಂದು ಸಣ್ಣ ಪಠ್ಯಪುಸ್ತಕ ಮುಗಿಯುತ್ತೆ.

ಹೆಣ್ಣುಮಕ್ಕಳಿಗೆ ನಾವೇ ಯಾಕೆ?

ಅಂಧ ಹುಡುಗ ಹೇಗೋ ಯಾರದೋ ಹೆಗಲು ಹಿಡಿದು ಬಸ್ ಹತ್ತುತ್ತಾನೆ, ಹಾಸ್ಟೆಲ್ ಸೇರುತ್ತಾನೆ, ಗೆಳೆಯರನ್ನು ಮಾಡಿಕೊಳ್ಳುತ್ತಾನೆ. ಅಂಧ ಹುಡುಗಿಯನ್ನು ಕಳಿಸಲು ತಾಯಿಗೆ ಭಯ. 'ಯಾರನ್ನ ನಂಬೋದು?' ಅನ್ನುವ ಆ ತಾಯಿಯ ಮಾತನ್ನು ತಪ್ಪೆನ್ನಲು ನಮ್ಮ ಸಮಾಜ ಬಾಯಿ ಉಳಿಸಿಕೊಂಡಿಲ್ಲ. ಗೊತ್ತಿಲ್ಲದ ಗಂಡಸಿನ ಪಕ್ಕ ನಾಲ್ಕು ಗಂಟೆ ಕೂತು ಉತ್ತರ ಹೇಳಲು, ಅವನ ಜತೆ ಪರೀಕ್ಷಾ ಕೇಂದ್ರಕ್ಕೆ ಹೋಗಿಬರಲು ಅವಳಿಗೂ ಮುಜುಗರ. ಅಲ್ಲಿ ಒಬ್ಬ ಅಕ್ಕನೋ ಅಮ್ಮನೋ ಇದ್ದರೆ ಕತೆಯೇ ಬೇರೆ. 'ಇಂಥವರ ಮನೆ ಹೆಂಗಸು ಜತೆಗಿರ್ತಾರೆ' ಅನ್ನುವ ಒಂದೇ ಮಾತಿಗೆ ತಂದೆ ತಾಯಿ ಒಪ್ಪಿಬಿಡುತ್ತಾರೆ. ಈ ಕೆಲಸಕ್ಕೆ ಹೆಂಗಸರು ಮುಂದೆ ಬರಬೇಕು ಅನ್ನುವುದು ಇದಕ್ಕೇ.

ಅವಕಾಶ ಸಿಕ್ಕರೆ ಅವರು ಎಲ್ಲಿಗೆ ಮುಟ್ಟುತ್ತಾರೆ ಗೊತ್ತಾ? 2025ರ ನವೆಂಬರ್‌ನಲ್ಲಿ ಅಂಧ ಮಹಿಳೆಯರ ಮೊಟ್ಟಮೊದಲ ಟಿ-20 ವಿಶ್ವಕಪ್ ನಡೆಯಿತು. ಕೊಲಂಬೊದಲ್ಲಿ ನಡೆದ ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿ ಕಪ್ ಎತ್ತಿದ್ದು ಭಾರತ. ನಾಯಕಿ ದೀಪಿಕಾ ಟಿ.ಸಿ. ಚೆಂಡಿನೊಳಗಿನ ಗಲಗಲ ಸದ್ದನ್ನೇ ಹಿಡಿದು ಆಡುವ ಆಟ ಅದು. ಅಂಧರ ಕ್ರಿಕೆಟ್ ಬೆಳೆಯಲು ನೀರೆರೆದ ಸಮರ್ಥನಂ ಸಂಸ್ಥೆಯನ್ನು 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದವರೂ ದೃಷ್ಟಿಯಿಲ್ಲದ ಮಹಾಂತೇಶ್ ಮತ್ತು ಅವರ ಗೆಳೆಯ ನಾಗೇಶ್. ಗಮನಿಸಿ, ಇವರಲ್ಲಿ ಯಾರೂ ನಮ್ಮ 'ಪಾಪ' ಕೇಳಿದವರಲ್ಲ. ಅವಕಾಶ ಕೇಳಿದವರು. ಸರ್ಕಾರಿ ನೌಕರಿಯಲ್ಲಿ ಅಂಗವಿಕಲರಿಗೆ ನಾಲ್ಕು ಶೇಕಡಾ ಮೀಸಲು, ಅದರಲ್ಲಿ ಒಂದು ಶೇಕಡಾ ಅಂಧರಿಗೆ ಮತ್ತು ಮಂದದೃಷ್ಟಿಯವರಿಗೆ ಎಂದು 2016ರ ಕಾಯ್ದೆ ಹೇಳುತ್ತೆ. ಆದರೆ ಆ ಬಾಗಿಲಿಗೆ ಹೋಗಲು ಮೊದಲು ಪದವಿಯ ಪರೀಕ್ಷೆ ಪಾಸಾಗಬೇಕಲ್ಲ!

ದುಡ್ಡು ಕೊಡುವವರಿಗೂ ಒಂದು ಮಾತು

ಸಮಯ ಇಲ್ಲ, ದುಡ್ಡೇ ಕೊಡ್ತೀನಿ ಅನ್ನುವವರು ಕೊಡಿ. ಆದರೆ ಸಂಸ್ಥೆಗೆ ಫೋನ್ ಮಾಡಿದಾಗ 'ಊಟಕ್ಕೆ ಎಷ್ಟು?' ಅನ್ನುವ ಬದಲು 'ಈ ತಿಂಗಳು ನಿಮಗೆ ಏನು ಬೇಕಿದೆ?' ಅಂತ ಕೇಳಿ ನೋಡಿ. ಬ್ರೈಲ್ ಹಾಳೆ ಇರಬಹುದು, ಬಿಳಿ ಕೋಲು ಇರಬಹುದು, ಒಬ್ಬ ಹುಡುಗಿಯ ಹಾಸ್ಟೆಲ್ ಶುಲ್ಕವೋ ಒಂದು ಸಾಧಾರಣ ಸ್ಮಾರ್ಟ್‌ಫೋನೋ ಇರಬಹುದು. ಊಟವೇ ಬೇಕು ಅಂದರೆ ಊಟವೇ ಕೊಡಿ, ಆದರೆ ಎಲ್ಲರೂ ಬರುವ ಭಾನುವಾರ ಬಿಟ್ಟು ಯಾರೂ ಬರದ ಮಂಗಳವಾರ ಕೊಡಿ. ಹರಿದ ಸೀರೆ, ಕೆಟ್ಟ ಟೇಪ್‌ರೆಕಾರ್ಡರ್, ಗುಂಡಿ ಕಿತ್ತ ಶರ್ಟು ಕೊಟ್ಟು ದಾನ ಅನ್ನಬೇಡಿ. ಮನೆ ಬಾಗಿಲಿಗೆ ರಸೀದಿ ಪುಸ್ತಕ ಹಿಡಿದು ಬಂದವರಿಗೆ ಕೊಡುವ ಮುಂಚೆ ಸಂಸ್ಥೆ ನೋಂದಾಯಿತವೇ ಅಂತ ವಿಚಾರಿಸಿ. ನೇರವಾಗಿ ಶಾಲೆಗೇ ಹೋಗಿ ಕೊಡುವುದು ಅತ್ಯುತ್ತಮ.

ಹೋದಾಗ ನೆನಪಿರಲಿ

* ಮೊದಲು ನಿಮ್ಮ ಹೆಸರು ಹೇಳಿ. 'ನಾನ್ಯಾರು ಹೇಳು ನೋಡೋಣ?' ಎಂದು ದನಿ ಗುರುತಿಸುವ ಪರೀಕ್ಷೆ ಇಡಬೇಡಿ.

* ನಡೆಸಿಕೊಂಡು ಹೋಗುವಾಗ ಕೈ ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈ ಕೊಡಿ, ಅವರು ಹಿಡಿದುಕೊಂಡು ಅರ್ಧ ಹೆಜ್ಜೆ ಹಿಂದೆ ಬರುತ್ತಾರೆ. ಮೆಟ್ಟಿಲು ಬಂದರೆ ಹತ್ತುವುದೋ ಇಳಿಯುವುದೋ ಹೇಳಿ.

* 'ಇವರಿಗೆ ಕಾಫಿಗೆ ಸಕ್ಕರೆ ಹಾಕ್ಲಾ?' ಅಂತ ಪಕ್ಕದವರನ್ನು ಕೇಳಬೇಡಿ. ಅವರನ್ನೇ ಕೇಳಿ. ಕಣ್ಣು ಕಾಣದಿದ್ದರೂ ನಾಲಿಗೆಗೆ ರುಚಿ ಗೊತ್ತು.

* ಹೊರಡುವಾಗ 'ಬರ್ತೀನಿ' ಅಂತ ಹೇಳಿ ಹೊರಡಿ. ಇಲ್ಲದಿದ್ದರೆ ಖಾಲಿ ಕುರ್ಚಿಯ ಜತೆ ಮಾತಾಡುವ ಪರಿಸ್ಥಿತಿ ಅವರದು.

* ಅವರ ಮುಂದೆಯೇ 'ಹುಟ್ಟಿನಿಂದಾನೇ ಹೀಗಾ?' ಅನ್ನುವ ವಿಚಾರಣೆ ಬೇಡ.

'ಮನೆಯಲ್ಲಿ ಏನಂತಾರೋ' ಎಂಬ ಅಳುಕು ನಿಮಗಿದ್ದರೆ, ಒಮ್ಮೆ ಅತ್ತೆಯವರನ್ನೂ ಜತೆಗೆ ಕರೆದುಕೊಂಡು ಹೋಗಿ. ದೇವಸ್ಥಾನಕ್ಕೆ ಹೋಗುವ ಉತ್ಸಾಹದಲ್ಲೇ ಅವರು ಮುಂದಿನ ವಾರ 'ಇವತ್ತು ಹೋಗಲ್ವೇನೇ?' ಅಂತ ಕೇಳಿದರೆ ಆಶ್ಚರ್ಯವಿಲ್ಲ. ಕತೆ ಹೇಳಲು, ಪುಸ್ತಕ ಓದಲು ಹಿರಿಯ ದನಿಗಿಂತ ಬೇರೆ ಬೇಕೇ?

ಪರೀಕ್ಷೆ ಹತ್ತಿರ ಬರುವ ತನಕ ಕಾಯಬೇಡಿ. ನಿಮ್ಮ ಊರಿನ ಅಥವಾ ಹತ್ತಿರದ ಪಟ್ಟಣದ ಅಂಧರ ಶಾಲೆಗೆ, ಇಲ್ಲವೇ ಪಕ್ಕದ ಕಾಲೇಜಿಗೆ ಈ ವಾರವೇ ಫೋನ್ ಮಾಡಿ. 'ಬರೆದುಕೊಡಲು ಒಬ್ಬರು ಸಿದ್ಧರಿದ್ದಾರೆ, ಓದಿದ್ದು ಇಷ್ಟು, ಬಿಡುವಿರುವುದು ಇಂಥ ದಿನ' ಅಂತ ಹೆಸರು ಬರೆಸಿ. ಒಂದು ಫೋನ್, ಎರಡು ನಿಮಿಷ. ನೇತ್ರದಾನದ ಕಾರ್ಡು ಪರ್ಸಿನಲ್ಲಿ ಹಾಗೇ ಇರಲಿ, ಅದಕ್ಕೆ ಇನ್ನೂ ಬಹಳ ವರ್ಷ ಕೆಲಸ ಬಾರದಿರಲಿ. ಅಲ್ಲಿಯವರೆಗೆ ನಿಮ್ಮ ಕಣ್ಣಿಗೆ ಇಲ್ಲಿ ಕೈತುಂಬಾ ಕೆಲಸ ಇದೆ.